ಹೆವಿ ಲೈಸೆನ್ಸ್ ತರಬೇತಿಗೆ ದುಡ್ಡು ಹೊಂದಿಸುವುದು ಹೇಗೆ? ಲಾರಿ ಕಲಿಯಲು ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಅಣ್ಣ ಲಾರಿ ಕಲಿತಾಗ ಮನೆಯಿಂದ ಒಂದು ರೂಪಾಯಿ ಖರ್ಚಾಗಲಿಲ್ಲ. ಅವನು ಕ್ಲೀನರ್ ಆಗಿದ್ದ ಲಾರಿಯ ಓನರೇ ಡ್ರೈವಿಂಗ್ ಸ್ಕೂಲಿನ ಫೀಸು ಕಟ್ಟಿದರು. ಅವತ್ತು ಮನೆಯಲ್ಲಿ ಎಲ್ಲರಿಗೂ ಖುಷಿ. ಎಷ್ಟು ದುಡ್ಡು, ಹೇಗೆ ತೀರಿಸಬೇಕು, ಯಾವಾಗ ಮುಗಿಯುತ್ತದೆ ಅಂತ ಯಾರೂ ಕೇಳಲಿಲ್ಲ. ಲೈಸೆನ್ಸ್ ಬಂದ ದಿನವೇ ಒರಿಜಿನಲ್ ಕಾರ್ಡು ಓನರ್ ಮನೆಯ ಬೀರು ಸೇರಿತು. ಪ್ರತಿ ಟ್ರಿಪ್ಪಿನ ಬಾಟಾದಲ್ಲಿ, ಅಂದರೆ ದಾರಿ ಖರ್ಚಿಗೆ ಕೊಡುವ ದುಡ್ಡಿನಲ್ಲಿ ಒಂದಿಷ್ಟು ಹಿಡಿದರು. ಹಬ್ಬಕ್ಕೆ ಅಂತ ಕೊಟ್ಟ ದುಡ್ಡೂ ಅದೇ ಲೆಕ್ಕಕ್ಕೆ ಸೇರಿತು. ಎರಡು ತಾಲ್ಲೂಕು ಆಚೆ ಇನ್ನೊಬ್ಬರು ಜಾಸ್ತಿ ಸಂಬಳಕ್ಕೆ ಕರೆದರೂ ಅಣ್ಣ ಹೋಗಲು ಆಗಲಿಲ್ಲ. ಆ ಸಾಲದಿಂದ ಹೊರಬರಲು ಅವನಿಗೆ ಮೂರು ವರ್ಷ ಬೇಕಾಯಿತು.

ಈಗ ಅಕ್ಕನ ಮಗನ ಸರದಿ ಬಂತು. "ಮಾವ, ನಾನೂ ಹೆವಿ ಮಾಡಿಸ್ತೀನಿ. ದುಡ್ಡಿಗೆ ಏನು ಮಾಡೋದು ಹೇಳಿ" ಅಂದ. ಈ ಸಲ ನಾವು ಕೂತು ಲೆಕ್ಕ ಹಾಕಿದೆವು. ಸ್ಕೂಲುಗಳಿಗೆ ಹೋಗಿ ನೋಡಿದೆವು, ಬ್ಯಾಂಕಿನಲ್ಲಿ ಕೇಳಿದೆವು, ಆರ್‌ಟಿಒ ಮುಂದೆ ನಿಂತೆವು. ಆಗ ತಿಳಿದುಕೊಂಡಿದ್ದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಫೀಸು ಎಷ್ಟು ಅನ್ನುವುದನ್ನು ಎಲ್ಲರೂ ಕೇಳುತ್ತಾರೆ. ಆ ದುಡ್ಡು ತೀರುವ ತನಕ ಕೆಲಸ ಬದಲಿಸುವ ಸ್ವಾತಂತ್ರ್ಯ ನಿಮಗಿರುತ್ತದಾ ಅಂತ ಕೇಳುವವರು ಕಡಿಮೆ. ದಯವಿಟ್ಟು ಅದನ್ನು ಮೊದಲು ಕೇಳಿ.

ಹಂತ 1: ದುಡ್ಡು ಕಟ್ಟುವ ಮೊದಲು ನೀವು ಎಲ್ಲಿದ್ದೀರಿ ನೋಡಿಕೊಳ್ಳಿ

ಹೆವಿ ಲೈಸೆನ್ಸ್ ಅನ್ನು ನೇರವಾಗಿ ಮಾಡಿಸಲು ಬರುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಜೊತೆಗೆ ಲೈಟ್ ಮೋಟಾರ್ ವೆಹಿಕಲ್, ಅಂದರೆ ಎಲ್‌ಎಂವಿ ಲೈಸೆನ್ಸ್ ತೆಗೆದುಕೊಂಡು ಕನಿಷ್ಠ ಒಂದು ವರ್ಷ ಆಗಿರಬೇಕು. ಅದಾದ ಮೇಲೆಯೇ ಹೆವಿಗೆ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್ ಸಿಗುವುದು.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಎಲ್‌ಎಂವಿ ಇನ್ನೂ ಇಲ್ಲದ ಹುಡುಗರಿಂದಲೇ ಕೆಲವರು ಹೆವಿಗೆ ಅಂತ ಪೂರ್ತಿ ಫೀಸು ಕಟ್ಟಿಸಿಕೊಳ್ಳುತ್ತಾರೆ. "ಎಲ್ಲ ನಾವು ನೋಡ್ಕೋತೀವಿ" ಅನ್ನುತ್ತಾರೆ. ಒಂದು ವರ್ಷ ಕಾಯಲೇಬೇಕು ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಅಷ್ಟರಲ್ಲಿ ನಿಮ್ಮ ದುಡ್ಡು ಅವರ ಕೈಯಲ್ಲಿರುತ್ತದೆ.

ಎಂಟನೇ ತರಗತಿ ಪಾಸಾಗಿರಬೇಕು ಅನ್ನುವ ನಿಯಮ ಮೊದಲಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆಯಿತು. ಓದು ಕಡಿಮೆ ಅಂತ ಹೇಳಿ ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ.

ಇನ್ನೊಂದು ಮುಖ್ಯ ಕೆಲಸ ಕಣ್ಣಿನ ಪರೀಕ್ಷೆ. ಸಾರಿಗೆ ವಾಹನದ ಲೈಸೆನ್ಸಿಗೆ ವೈದ್ಯರು ಸಹಿ ಮಾಡಿದ ನಮೂನೆ 1ಎ ಬೇಕು. ದೂರದೃಷ್ಟಿ, ಬಣ್ಣ ಗುರುತಿಸುವುದು, ಕಿವಿ, ಕೈಕಾಲು ಎಲ್ಲವನ್ನೂ ಅದರಲ್ಲಿ ನೋಡುತ್ತಾರೆ. ಬಹಳ ಜನ ಇದನ್ನು ಕೊನೆಗೆ ಬಿಡುತ್ತಾರೆ. ನೀವು ಇದನ್ನೇ ಮೊದಲು ಮಾಡಿಸಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಿಕೊಂಡು ಬನ್ನಿ. ಕೆಂಪು ಹಸಿರು ಗುರುತಿಸುವುದರಲ್ಲಿ ತೊಂದರೆ ಇದ್ದರೆ ಅದು ಫೀಸು ಕಟ್ಟುವ ಮೊದಲೇ ಗೊತ್ತಾಗಲಿ. ಬರೀ ನಂಬರಿನ ತೊಂದರೆಯಾದರೆ ಕನ್ನಡಕ ಮಾಡಿಸಿಕೊಳ್ಳಿ, ಅದರ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಹಂತ 2: ನಿಜವಾದ ಖರ್ಚು ಎಷ್ಟು ಅಂತ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಬರೆಯುತ್ತಾ ಹೋಗಿ. ಬಾಯಿಲೆಕ್ಕ ಸಾಲದು.

ಸರ್ಕಾರಕ್ಕೆ ಕಟ್ಟುವುದು ನಿಜಕ್ಕೂ ಸಣ್ಣ ಮೊತ್ತ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಎಲ್‌ಎಲ್‌ಆರ್‌ಗೆ 150 ರೂಪಾಯಿ, ಅದರ ಪರೀಕ್ಷೆಗೆ 50, ಡ್ರೈವಿಂಗ್ ಟೆಸ್ಟಿಗೆ 300, ಇರುವ ಲೈಸೆನ್ಸಿಗೆ ಹೊಸ ವರ್ಗ ಸೇರಿಸಲು 500 ಅಂತ ಇದೆ. ಕಾರ್ಡು, ಸೇವಾ ಶುಲ್ಕ ಅಂತ ಇನ್ನಷ್ಟು ಸೇರಬಹುದು. ಎಲ್ಲವನ್ನೂ ಲೈಸೆನ್ಸಿಗೆ ಅಂತಲೇ ಇರುವ ಸರ್ಕಾರದ 'ಸಾರಥಿ' ಪೋರ್ಟಲ್‌ನಲ್ಲೇ ಕಟ್ಟಬಹುದು, ರಸೀದಿ ಅಲ್ಲೇ ಬರುತ್ತದೆ. ಹಾಗಾಗಿ "ಆರ್‌ಟಿಒ ಖರ್ಚು" ಅಂತ ಯಾರಾದರೂ ಆರೇಳು ಸಾವಿರ ಹೇಳಿದರೆ ಅದರಲ್ಲಿ ಯಾವುದು ಶುಲ್ಕ, ಯಾವುದು ಅವರ ಕೂಲಿ ಅಂತ ಬಿಡಿಸಿ ಕೇಳಿ.

ಸ್ಕೂಲಿನ ಫೀಸು ಊರಿಂದ ಊರಿಗೆ ಬೇರೆ. ನಾವು ಕೇಳಿದ ಮೂರು ಕಡೆ ಮೂರು ಥರ ಹೇಳಿದರು. ಅದು ಹೇಗಿದ್ದರೂ ಫೀಸು ಕಣ್ಣಿಗೆ ಕಾಣುವ ಖರ್ಚು. ಎಣಿಕೆಗೆ ಬಾರದ ಖರ್ಚು ದಿನಗೂಲಿ. ತರಬೇತಿಯ ದಿನಗಳಲ್ಲಿ ನೀವು ಬೇರೆ ಕೆಲಸಕ್ಕೆ ಹೋಗಲು ಆಗುವುದಿಲ್ಲ, ಅಲ್ವಾ?

ಲೆಕ್ಕಕ್ಕೆ ಅಂತ ಒಂದು ಉದಾಹರಣೆ ಹಾಕೋಣ. ಫೀಸು 18,000 ಅಂತ ಇಟ್ಟುಕೊಳ್ಳಿ. ದಿನಕ್ಕೆ 500 ದುಡಿಯುವ ಹುಡುಗ ಆರು ವಾರದಲ್ಲಿ 36 ಕೆಲಸದ ದಿನ ಬಿಟ್ಟರೆ ಅದೂ 18,000. ಬಸ್ಸು, ಊಟ, ರೂಮು ಸೇರಿ 6,000. ಸರ್ಕಾರಿ ಶುಲ್ಕ ಹೆಚ್ಚು ಕಡಿಮೆ 1,000. ಟೆಸ್ಟಿನಲ್ಲಿ ಒಂದು ಸಲ ಫೇಲಾದರೆ ಮತ್ತೆ ಹೋಗಿಬರಲು, ಗಾಡಿ ಬಾಡಿಗೆಗೆ 2,000. ಒಟ್ಟು 45,000. ಫೀಸಿನ ಎರಡೂವರೆ ಪಟ್ಟು! ಫೀಸಿಗೆ ಮಾತ್ರ ದುಡ್ಡು ಹೊಂದಿಸಿಕೊಂಡು ಹೋದವರು ನಾಲ್ಕನೇ ವಾರಕ್ಕೆ ಕೈಸಾಲಕ್ಕೆ ಓಡುವುದು ಇದಕ್ಕೇ.

ನಿಮ್ಮ ಊರಿನ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ಬೆಳಿಗ್ಗೆ ತರಬೇತಿ, ಮಧ್ಯಾಹ್ನದ ಮೇಲೆ ಕೆಲಸ ಅಂತ ಹೊಂದಿಸಲು ಆಗುವ ಸ್ಕೂಲು ಸಿಕ್ಕರೆ, ಫೀಸು ಸ್ವಲ್ಪ ಜಾಸ್ತಿ ಇದ್ದರೂ ಒಟ್ಟು ಖರ್ಚು ಕಡಿಮೆ ಬೀಳಬಹುದು.

ಹಂತ 3: ದುಡ್ಡಿಗೆ ಏನು ಸಿಗುತ್ತದೆ ನೋಡಿ

ಹೆವಿ ಲೈಸೆನ್ಸಿಗೆ ಡ್ರೈವಿಂಗ್ ಸ್ಕೂಲು ಕೊಡುವ ನಮೂನೆ 5 ಪ್ರಮಾಣಪತ್ರ ಬೇಕು. ಕೆಲವು ಕಡೆ ಈ ಪ್ರಮಾಣಪತ್ರವನ್ನೇ ಮಾರುತ್ತಾರೆ. ಗಾಡಿ ಹತ್ತಿಸುವುದು ಎರಡು ದಿನ, ಕಾಗದ ಮಾತ್ರ ಪೂರ್ತಿ. ಅಗ್ಗ ಅಂತ ಅನ್ನಿಸುತ್ತದೆ. ಆದರೆ ಹದಿನಾರು ಟನ್ ಲೋಡ್ ಹಾಕಿಕೊಂಡು ಶಿರಾಡಿ ಘಾಟಿ ಇಳಿಯುವಾಗ ಯಾವ ಗೇರಿನಲ್ಲಿ ಇಳಿಯಬೇಕು, ಬ್ರೇಕು ಕಾದರೆ ಏನಾಗುತ್ತದೆ ಅನ್ನುವುದು ಆ ಕಾಗದದಲ್ಲಿ ಇರುವುದಿಲ್ಲ. ಅಲ್ಲಿ ನಿಮ್ಮ ಜೀವ ಮಾತ್ರವಲ್ಲ, ಎದುರಿಗೆ ಬರುವ ಬಸ್ಸಿನವರ ಜೀವವೂ ನಿಮ್ಮ ಕಾಲಿನ ಕೆಳಗಿರುತ್ತದೆ. ಇದರಲ್ಲಿ ಉಳಿತಾಯ ಮಾಡಬೇಡಿ.

ಸ್ಕೂಲಿಗೆ ಖುದ್ದಾಗಿ ಹೋಗಿ, ಒಂದು ಗಂಟೆ ನಿಂತು ನೋಡಿ. ಕಲಿಸುವ ಲಾರಿ ಯಾವುದು? ಒಂದು ಗಾಡಿಗೆ ಎಷ್ಟು ಹುಡುಗರು? ಒಬ್ಬೊಬ್ಬರ ಕೈಗೆ ಸ್ಟೇರಿಂಗ್ ಎಷ್ಟು ನಿಮಿಷ ಸಿಗುತ್ತದೆ? ರಿವರ್ಸ್ ಕಲಿಸುತ್ತಾರಾ? ರಾತ್ರಿ ಓಡಿಸಲು ಬಿಡುತ್ತಾರಾ? ಎಂಟು ಹುಡುಗರಿಗೆ ಒಂದು ಲಾರಿ, ದಿನಕ್ಕೆ ಎರಡು ಗಂಟೆ ಅಂದರೆ ನಿಮಗೆ ಸಿಗುವುದು 15 ನಿಮಿಷ. ಫೀಸನ್ನು ಸ್ಟೇರಿಂಗ್ ಗಂಟೆಯಿಂದ ಭಾಗಿಸಿ ನೋಡಿ. ಆಗ ಅಗ್ಗದ ಸ್ಕೂಲು ದುಬಾರಿ ಆಗುವುದೂ ಉಂಟು.

2021ರ ಜುಲೈ 1ರಿಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮ ಜಾರಿಯಲ್ಲಿದೆ. ಇಂಥ ಕೇಂದ್ರದಲ್ಲಿ ಹೆವಿ ಕೋರ್ಸು 38 ಗಂಟೆ, ಆರು ವಾರಗಳಲ್ಲಿ ಹರಡಿಕೊಂಡಿರುತ್ತದೆ. ಅಲ್ಲಿ ಪಾಸಾದವರಿಗೆ ಆರ್‌ಟಿಒದಲ್ಲಿ ಮತ್ತೆ ಡ್ರೈವಿಂಗ್ ಟೆಸ್ಟ್ ಇರುವುದಿಲ್ಲ. ಹತ್ತಿರದಲ್ಲಿ ಇದ್ದರೆ ವಿಚಾರಿಸಿ. ಅಲ್ಲಿಗೆ ಸೇರದಿದ್ದರೂ 38 ಗಂಟೆ ಅನ್ನುವ ಅಂಕಿಯನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಬೇರೆ ಸ್ಕೂಲುಗಳನ್ನು ಅಳೆಯಲು ಅದೊಂದು ಒಳ್ಳೆಯ ಅಳತೆಗೋಲು. ಅಶೋಕ್ ಲೇಲ್ಯಾಂಡ್‌ನ ಚಾಲಕ ತರಬೇತಿ ಸಂಸ್ಥೆ ಧಾರವಾಡದಲ್ಲಿದೆ. ಉತ್ತರ ಕರ್ನಾಟಕದವರು ಒಮ್ಮೆ ಅಲ್ಲಿಗೂ ಹೋಗಿ ನೋಡಿ.

ಹಂತ 4: ಉಚಿತವಾಗಿ ಸಿಗುವುದನ್ನು ಮೊದಲು ಕೇಳಿ

ಸಾಲದ ಮಾತಿಗೆ ಹೋಗುವ ಮೊದಲು ಒಂದು ತಿಂಗಳು ಇದಕ್ಕೆ ಕೊಡಿ. ಓಡಾಟ ಇದೆ, ಬೇಸರವೂ ಆಗುತ್ತದೆ. ಆದರೂ ಮಾಡಿ.

ಎಲ್‌ಎಂವಿ ಇನ್ನೂ ಇಲ್ಲದವರು ರುಡ್‌ಸೆಟ್ ಅಥವಾ ಆರ್‌ಸೆಟಿ ಕೇಂದ್ರದಲ್ಲಿ ಕೇಳಿ, ಇವು ಹಳ್ಳಿಯ ಯುವಕರಿಗೆ ಸ್ವಉದ್ಯೋಗ ಕಲಿಸುವ ಕೇಂದ್ರಗಳು. ರುಡ್‌ಸೆಟ್ ಶುರುವಾದದ್ದು 1982ರಲ್ಲಿ, ಉಜಿರೆಯಲ್ಲಿ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಬ್ಯಾಂಕುಗಳ ಜೊತೆ ಸೇರಿ ಕಟ್ಟಿದ ಸಂಸ್ಥೆ ಅದು. ಅದನ್ನೇ ಮಾದರಿಯಾಗಿಟ್ಟುಕೊಂಡು ಆಮೇಲೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಆರ್‌ಸೆಟಿಗಳು ಬಂದವು. ಅಲ್ಲಿ ತರಬೇತಿ ಉಚಿತ. ಊಟ, ವಸತಿಯೂ ಉಚಿತ. ಲಘು ವಾಹನ ಚಾಲನೆ ಅವರ ಕೋರ್ಸುಗಳಲ್ಲಿ ಒಂದು. ಬ್ಯಾಚು ವರ್ಷಪೂರ್ತಿ ಇರುವುದಿಲ್ಲ, ಹಾಗಾಗಿ ಹೆಸರು ಬರೆಸಿ ಬನ್ನಿ.

ಪರಿಶಿಷ್ಟ ಜಾತಿ, ಪಂಗಡದ ಯುವಕರಿಗೆ ರಾಜ್ಯದ ಸಾರಿಗೆ ನಿಗಮಗಳ ಮೂಲಕ ಹೆವಿ ಡ್ರೈವಿಂಗ್ ತರಬೇತಿ ಕೊಟ್ಟ ಯೋಜನೆಗಳಿವೆ. ಮಹಿಳೆಯರಿಗೂ ಇಂಥ ಬ್ಯಾಚುಗಳು ನಡೆದಿವೆ. ಇವು ಅನುದಾನ ಬಂದಾಗ ಪ್ರಕಟವಾಗುತ್ತವೆ. ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮ, ಮಹರ್ಷಿ ವಾಲ್ಮೀಕಿ ನಿಗಮ, ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ, ಇವುಗಳಲ್ಲಿ ನಿಮಗೆ ಸಂಬಂಧಪಟ್ಟದ್ದರ ಜಿಲ್ಲಾ ಕಚೇರಿಗೆ ಹೋಗಿ. "ಈ ವರ್ಷ ಭಾರಿ ವಾಹನ ಚಾಲನಾ ತರಬೇತಿ ಇದೆಯಾ, ಯಾವಾಗ ಅರ್ಜಿ" ಅಂತ ನೇರವಾಗಿ ಕೇಳಿ. ರಾಜ್ಯ ಸರ್ಕಾರದ 'ಕೌಶಲ್ಕರ್' ಪೋರ್ಟಲ್‌ನಲ್ಲೂ ಹೆಸರು ನೋಂದಾಯಿಸಿಡಿ. ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ತೆಗೆದಿಟ್ಟುಕೊಳ್ಳಿ. ಅರ್ಜಿ ಕರೆದಾಗ ಕೊಡುವ ಸಮಯ ಕಡಿಮೆ ಇರುತ್ತದೆ.

ಎರಡು ಯೋಜನೆಗಳ ಬಗ್ಗೆ ಗೊಂದಲ ಜಾಸ್ತಿ. 'ಸ್ವಾವಲಂಬಿ ಸಾರಥಿ' ಗಾಡಿ ಕೊಳ್ಳಲು ಸಿಗುವ ಸಹಾಯಧನ, ಗಾಡಿ ಕಲಿಯಲು ಅಲ್ಲ. ಅದಕ್ಕೆ ಲೈಸೆನ್ಸ್ ಮೊದಲೇ ಇರಬೇಕು. ಮುದ್ರಾ ಸಾಲವೂ ಹಾಗೆಯೇ. ಅದು ವ್ಯಾಪಾರ, ಉದ್ಯೋಗಕ್ಕೆ ಕೊಡುವ ಸಾಲ, ಫೀಸಿಗಲ್ಲ. ಮುಂದೆ ಸ್ವಂತ ಗಾಡಿ ಮಾಡುವಾಗ ಎರಡೂ ನೆನಪಿರಲಿ.

ಹಂತ 5: ಕಾಯುವ ಒಂದು ವರ್ಷವನ್ನೇ ಬ್ಯಾಂಕು ಮಾಡಿಕೊಳ್ಳಿ

ನನಗೆ ತುಂಬ ಇಷ್ಟವಾದ ದಾರಿ ಇದು. ಅಕ್ಕನ ಮಗನಿಗೆ ನಾವು ಆರಿಸಿದ್ದೂ ಇದನ್ನೇ.

ಎಲ್‌ಎಂವಿ ಆದಮೇಲೆ ಒಂದು ವರ್ಷ ಹೇಗೂ ಕಾಯಬೇಕು. ಆ ವರ್ಷ ಸುಮ್ನೆ ಕೂರುವ ಬದಲು ಸಣ್ಣ ಗೂಡ್ಸ್ ಗಾಡಿ ಓಡಿಸಿ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಒಂದು ತೀರ್ಪು ಕೊಟ್ಟಿತು. ಎಲ್‌ಎಂವಿ ಲೈಸೆನ್ಸ್ ಇರುವವರು 7,500 ಕಿಲೋ ಒಳಗಿನ ಸಾರಿಗೆ ವಾಹನ ಓಡಿಸಲು ಬೇರೆ ಅನುಮತಿ ಬೇಡ ಅಂತ ಅದರಲ್ಲಿ ಸ್ಪಷ್ಟವಾಯಿತು. ತರಕಾರಿ ಮಂಡಿ, ಹಾಲಿನ ಗಾಡಿ, ಪಾರ್ಸೆಲ್ ಆಫೀಸು, ಸಿಮೆಂಟು ಅಂಗಡಿ, ಹೀಗೆ ಎಲ್ಲ ಕಡೆ ಇಂಥ ಗಾಡಿಗಳಿಗೆ ಡ್ರೈವರ್ ಬೇಕು. 20 ವರ್ಷ ತುಂಬಿರಬೇಕು ಅನ್ನುವುದನ್ನು ಮಾತ್ರ ಮರೆಯಬೇಡಿ. 20 ಆಗದವರು ಆ ವರ್ಷ ಕ್ಲೀನರ್ ಆಗಿ ಹೋಗಬಹುದು. ಗ್ಯಾರೇಜಿನಲ್ಲಿ ಹೆಲ್ಪರ್ ಆದರೂ ಒಳ್ಳೆಯದೇ. ಟೈರು, ಗ್ರೀಸು, ಏರ್ ಬ್ರೇಕು ಎಲ್ಲ ಕೈಗೆ ಬರುತ್ತದೆ.

ತಿಂಗಳಿಗೆ 3,000 ಎತ್ತಿಟ್ಟರೆ ವರ್ಷಕ್ಕೆ 36,000. ಮೇಲಿನ ಉದಾಹರಣೆಯ ಖರ್ಚಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಅಲ್ಲೇ ಬಂತು. ದುಡ್ಡು ಕೈಯಲ್ಲಿದ್ದರೆ ಉಳಿಯುವುದಿಲ್ಲ, ಅದಕ್ಕೆ ಬ್ಯಾಂಕಿನಲ್ಲಿ 12 ತಿಂಗಳ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ ಮಾಡಿಸಿ. ಪೋಸ್ಟ್ ಆಫೀಸಿನ ಆರ್‌ಡಿ ಈ ಕೆಲಸಕ್ಕೆ ಸರಿಹೋಗುವುದಿಲ್ಲ, ಅದರ ಅವಧಿ ಐದು ವರ್ಷ.

ಕೆಲವು ಮನೆಗಳಲ್ಲಿ ತಾಯಂದಿರು ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಮಗನ ಲೈಸೆನ್ಸಿಗೆ ಅಂತ ಎತ್ತಿಡುತ್ತಾರೆ. ನಮ್ಮ ಅಕ್ಕನೂ ಹಾಗೆ ಅಂದಳು. ನಾನು ಒಪ್ಪಲಿಲ್ಲ, ಕೊನೆಗೆ ಅರ್ಧ ಮಾತ್ರ ತೆಗೆದುಕೊಂಡೆವು. ಅದು ಅವಳ ದುಡ್ಡು. ಔಷಧಿಗೆ, ಮನೆಗೆ ಬೇಕಾಗುತ್ತದೆ. ತೆಗೆದುಕೊಂಡರೆ ಸಾಲ ಅಂತ ಬರೆದಿಟ್ಟು, ಮೊದಲ ಸಂಬಳದಿಂದಲೇ ವಾಪಸ್ ಕೊಡಲು ಶುರು ಮಾಡಿ.

ಹಂತ 6: ಓನರ್ ಫೀಸು ಕಟ್ಟುತ್ತೇನೆ ಅಂದರೆ

ಎಲ್ಲ ಓನರುಗಳೂ ಕೆಟ್ಟವರಲ್ಲ. ಡ್ರೈವರ್ ಸಿಗುವುದೇ ಕಷ್ಟವಾಗಿರುವ ಕಾಲ ಇದು. ನಂಬಿಕೆಯ ಕ್ಲೀನರ್ ಒಬ್ಬನನ್ನು ಡ್ರೈವರ್ ಮಾಡಿಕೊಳ್ಳುವುದು ಅವರಿಗೂ ಲಾಭ. ಕೆಲವರು ಫೀಸು ಕಟ್ಟಿ ವಾಪಸ್ ಕೇಳದೇ ಬಿಟ್ಟದ್ದನ್ನೂ ನೋಡಿದ್ದೇನೆ. ತೊಂದರೆ ಬರುವುದು ಬಾಯಿಮಾತಿನಿಂದ. ಹಾಗಾಗಿ ಎರಡೂ ಕಡೆಯವರು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಕೇಳುವಾಗ ಮುಜುಗರ ಆಗುತ್ತದೆ. "ಧಣಿ, ನನಗೂ ನೆನಪಿರಲಿ, ನಿಮಗೂ ಲೆಕ್ಕ ಇರಲಿ, ಒಂದು ಚೀಟಿ ಬರೆದುಬಿಡೋಣ" ಅಂದರೆ ಸಾಕು. ಒಳ್ಳೆಯ ಓನರ್ ಇದಕ್ಕೆ ಬೇಡ ಅನ್ನುವುದಿಲ್ಲ.

ಆ ಚೀಟಿಯಲ್ಲಿ ಇರಬೇಕಾದ್ದು ಇಷ್ಟು:

- ಸ್ಕೂಲಿಗೆ ಕಟ್ಟಿದ ಮೊತ್ತ, ರಸೀದಿಯ ಪ್ರಕಾರ. ಊಟ, ಬಟ್ಟೆ, ಹಬ್ಬದ ದುಡ್ಡು ಇದಕ್ಕೆ ಸೇರಬಾರದು.
- ತಿಂಗಳಿಗೆ ಸಂಬಳದಲ್ಲಿ ಎಷ್ಟು ಹಿಡಿಯುತ್ತಾರೆ, ಯಾವ ತಿಂಗಳಿಗೆ ಮುಗಿಯುತ್ತದೆ. 18,000ಕ್ಕೆ ತಿಂಗಳಿಗೆ 1,500 ಹಿಡಿದರೆ 12 ತಿಂಗಳು.
- ಬಡ್ಡಿ ಇಲ್ಲ ಅನ್ನುವ ಮಾತು. ಇದ್ದರೆ ಎಷ್ಟು ಅನ್ನುವುದು.
- ಬಾಟಾಗೆ ಕೈ ಹಾಕುವುದಿಲ್ಲ ಅನ್ನುವುದು. ಬಾಟಾ ನಿಮ್ಮ ದಾರಿಯ ಊಟ. ಅದನ್ನು ಹಿಡಿದರೆ ನೀವು ಹಸಿದು ಗಾಡಿ ಓಡಿಸುತ್ತೀರಿ.
- ನಡುವೆ ಕೆಲಸ ಬಿಟ್ಟರೆ ಉಳಿದ ಬಾಕಿ ಕೊಟ್ಟು ಹೋಗಬಹುದು ಅನ್ನುವುದು.
- ಒರಿಜಿನಲ್ ಲೈಸೆನ್ಸ್ ನಿಮ್ಮ ಹತ್ತಿರವೇ ಇರುತ್ತದೆ ಅನ್ನುವುದು.

ಕೊನೆಯದಕ್ಕೆ ತುಂಬ ಜನ ಓನರುಗಳು ಒಪ್ಪುವುದಿಲ್ಲ. ನೀವು ಬಿಟ್ಟುಕೊಡಬೇಡಿ. ಖಾಲಿ ಚೆಕ್ಕಿಗೆ, ಖಾಲಿ ಸ್ಟಾಂಪ್ ಪೇಪರಿಗೆ ಸಹಿ ಹಾಕಬೇಡಿ. ಲೈಸೆನ್ಸ್ ಬಂದ ದಿನವೇ ಅದನ್ನು ಡಿಜಿಲಾಕರ್ ಅನ್ನುವ ಸರ್ಕಾರಿ ಆ್ಯಪಿಗೆ ಸೇರಿಸಿಕೊಳ್ಳಿ. ತಪಾಸಣೆಯಲ್ಲಿ ಮೊಬೈಲಿನಲ್ಲಿ ತೋರಿಸಿದರೂ ನಡೆಯುತ್ತದೆ. ನಮ್ಮ ಅಣ್ಣನ ಕಾಲಕ್ಕೆ ಇದು ಇರಲಿಲ್ಲ.

ಮುಂಗಡ ಕೊಟ್ಟಿದ್ದೇನೆ ಅನ್ನುವ ಕಾರಣಕ್ಕೆ ಒಬ್ಬನನ್ನು ಬೇರೆಲ್ಲೂ ಕೆಲಸಕ್ಕೆ ಹೋಗದಂತೆ ಕಟ್ಟಿಹಾಕುವುದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಸ್ಥಿತಿ ಬಂದರೆ ತಹಸೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಗೆ ದೂರು ಕೊಡಬಹುದು.

ಇನ್ನು ಒಂದು ದಾರಿಯನ್ನು ಹಿಡಿಯಲೇಬೇಡಿ. "ಫೀಸು ಯಾಕೆ, ರಾತ್ರಿ ಹೈವೇಲಿ ಖಾಲಿ ಇದ್ದಾಗ ನಾನೇ ಕಲಿಸ್ತೀನಿ" ಅನ್ನುವ ಸೀನಿಯರ್ ಡ್ರೈವರುಗಳು ಇದ್ದಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಸಿರಾ, ಹಿರಿಯೂರು ನಡುವೆ ರಾತ್ರಿ ಎರಡು ಗಂಟೆಗೆ ಹೀಗೆ ಸ್ಟೇರಿಂಗ್ ಹಿಡಿದ ಕ್ಲೀನರುಗಳು ಎಷ್ಟೋ ಜನ. ಎಲ್‌ಎಲ್‌ಆರ್ ಇಲ್ಲದೆ ಓಡಿಸಿ ಅಪಘಾತವಾದರೆ ವಿಮೆ ಕಂಪನಿ ಕೈ ಎತ್ತುತ್ತದೆ ಅಥವಾ ಕೊಟ್ಟದ್ದನ್ನು ಓನರಿಂದ ವಸೂಲಿಗೆ ಬರುತ್ತದೆ. ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ಕಾಯ್ದೆಯಲ್ಲಿ 5,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲು ಇದೆ. ಸತ್ತವರ ಮನೆಯ ಮುಂದೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಎಲ್‌ಎಲ್‌ಆರ್ ತೆಗೆದುಕೊಂಡು, ಎಲ್ ಬೋರ್ಡು ಹಾಕಿ, ಹೆವಿ ಲೈಸೆನ್ಸ್ ಇರುವವರನ್ನು ಪಕ್ಕ ಕೂರಿಸಿಕೊಂಡು ಕಲಿಯಿರಿ.

ಹಂತ 7: ಸಾಲ ಬೇಕೇ ಬೇಕು ಅಂದರೆ ಈ ಕ್ರಮದಲ್ಲಿ ನೋಡಿ

ಮೊದಲು ಒಂದು ವಿಷಯ. ಲೈಸೆನ್ಸ್ ಬಂದ ಮರುದಿನವೇ ಸಂಬಳ ಬರುವುದಿಲ್ಲ. ತರಬೇತಿ, ಟೆಸ್ಟು, ಕಾರ್ಡು, ಕೆಲಸ ಹುಡುಕುವುದು ಎಲ್ಲ ಸೇರಿ ನಾಲ್ಕೈದು ತಿಂಗಳು ಆಗಬಹುದು. ಹಾಗಾಗಿ ಬಡ್ಡಿ ಎಷ್ಟು ಅನ್ನುವಷ್ಟೇ, ಮೊದಲ ಕಂತು ಯಾವತ್ತು ಅನ್ನುವುದೂ ಮುಖ್ಯ.

ಮನೆಯವರು, ನೆಂಟರು ಬಡ್ಡಿ ಇಲ್ಲದೆ ಕೊಟ್ಟರೆ ಅದೇ ಮೊದಲ ಆಯ್ಕೆ. ಅದನ್ನೂ ಬರೆದಿಟ್ಟುಕೊಳ್ಳಿ, ಸಂಬಂಧ ಉಳಿಯುತ್ತದೆ.

ಆಮೇಲೆ ಬ್ಯಾಂಕು ಅಥವಾ ಸಹಕಾರ ಸಂಘದ ಚಿನ್ನದ ಸಾಲ. ಒಂದು ಜೊತೆ ಓಲೆ, ಸಣ್ಣ ಸರ ಇದ್ದರೂ ಕೆಲಸ ಆಗುತ್ತದೆ. ಕೆಲವು ಬ್ಯಾಂಕುಗಳಲ್ಲಿ ಒಂದು ವರ್ಷದ ಕೊನೆಗೆ ಅಸಲು, ಬಡ್ಡಿ ಒಟ್ಟಿಗೆ ಕಟ್ಟುವ ಸಾಲ ಸಿಗುತ್ತದೆ. ಇದು ನಮ್ಮ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಅಷ್ಟರಲ್ಲಿ ದುಡಿಮೆ ಶುರುವಾಗಿರುತ್ತದೆ. ಒಡವೆ ಯಾರದು ಅನ್ನುವುದು ಮರೆಯಬಾರದು. ಹೆಂಡತಿಯದೋ ತಾಯಿಯದೋ ಆದರೆ ಬಿಡಿಸಿಕೊಡುವ ದಿನವನ್ನು ಅವರಿಗೆ ಮೊದಲೇ ಹೇಳಿ.

ಮೂರನೆಯದು ಕೌಶಲ್ಯ ಸಾಲ. ಕೇಂದ್ರ ಸರ್ಕಾರದ ಮಾದರಿ ಕೌಶಲ್ಯ ಸಾಲ ಯೋಜನೆಯಲ್ಲಿ ಮೊದಲು ಒಂದೂವರೆ ಲಕ್ಷದವರೆಗೆ ಸಾಲ ಇತ್ತು, 2024ರ ಜುಲೈನಲ್ಲಿ ಅದನ್ನು ಏಳೂವರೆ ಲಕ್ಷಕ್ಕೆ ಏರಿಸಿದರು. ಅಡಮಾನ ಬೇಡ, ತರಬೇತಿ ನಡೆಯುವಾಗ ಕಂತು ಇಲ್ಲ. ಆದರೆ ಎಲ್ಲ ಡ್ರೈವಿಂಗ್ ಸ್ಕೂಲಿನ ಕೋರ್ಸಿಗೂ ಇದು ಬರುವುದಿಲ್ಲ. ಸರ್ಕಾರದ ಕೌಶಲ್ಯ ಚೌಕಟ್ಟಿಗೆ ಸೇರಿದ ಕೋರ್ಸು ಆಗಿರಬೇಕು. ಸೇರುವ ಮೊದಲು ಕೋರ್ಸು ಹಾಗೆ ಸೇರಿದೆ ಅನ್ನುವ ಪತ್ರವನ್ನು ತರಬೇತಿ ಕೇಂದ್ರದಿಂದ ತೆಗೆದುಕೊಂಡು ನಿಮ್ಮ ಖಾತೆ ಇರುವ ಶಾಖೆಯ ಮ್ಯಾನೇಜರನ್ನು ನೋಡಿ. ಸಣ್ಣ ಮೊತ್ತ ಅಂತ ಕೆಲವು ಶಾಖೆಗಳಲ್ಲಿ ಆಸಕ್ತಿ ತೋರಿಸುವುದಿಲ್ಲ. ಆಗ ಜಿಲ್ಲೆಯ ಲೀಡ್ ಬ್ಯಾಂಕ್, ಅಂದರೆ ಜಿಲ್ಲೆಯ ಬ್ಯಾಂಕುಗಳನ್ನು ಹೊಂದಿಸಿ ನೋಡಿಕೊಳ್ಳುವ ಬ್ಯಾಂಕಿನ ಕಚೇರಿಗೆ ಹೋಗಿ ಕೇಳಿ.

ಅಮ್ಮನ ಹೆಸರಿನಲ್ಲಿ ತೆಗೆಯುವ ಸಂಘದ ಸಾಲ, ಫೈನಾನ್ಸ್ ಕಂಪನಿಯ ವಾರದ ಸಾಲ ಸುಲಭವಾಗಿ ಸಿಗುತ್ತದೆ. ಆದರೆ ಕಂತು ಮುಂದಿನ ವಾರವೇ ಶುರು. ನೀವು ಇನ್ನೂ ಕ್ಲಚ್ಚು ಬಿಡುವುದನ್ನು ಕಲಿಯುತ್ತಿರುತ್ತೀರಿ, ಅಮ್ಮ ಕಂತಿಗಾಗಿ ಕೂಲಿಗೆ ಹೋಗುತ್ತಿರುತ್ತಾರೆ. ಮನೆಯಲ್ಲಿ ಬೇರೆ ಖಾತ್ರಿಯ ಆದಾಯ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ.

ಕೈಸಾಲದ ಲೆಕ್ಕ ಒಮ್ಮೆ ನೋಡಿ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ಸಣ್ಣದಾಗಿ ಕೇಳಿಸುತ್ತದೆ. ಅದು ತಿಂಗಳಿಗೆ. 20,000 ತೆಗೆದುಕೊಂಡರೆ ತಿಂಗಳಿಗೆ 600, ವರ್ಷಕ್ಕೆ 7,200. ಅಸಲು ಹಾಗೇ ಇರುತ್ತದೆ. ಅದೇ ಮೊತ್ತ ವರ್ಷಕ್ಕೆ ನೂರಕ್ಕೆ 12ರ ಲೆಕ್ಕದಲ್ಲಿ ಸಿಕ್ಕರೆ ಬಡ್ಡಿ 2,400. ಎರಡರ ನಡುವಿನ 4,800 ರೂಪಾಯಿ ಹಲವು ದಿನದ ಕೂಲಿ. ಕೈಸಾಲಕ್ಕೆ ಹೋಗುವ ಬದಲು ಎರಡು ತಿಂಗಳು ತಡವಾಗಿ ಸೇರಿ.

ಗಲ್ಫಿಗೆ ಹೋಗುವ ಆಸೆ ಇರುವವರಿಗೆ ಒಂದು ಮಾತು. ತರಬೇತಿ, ವೀಸಾ, ಕೆಲಸ ಎಲ್ಲ ಸೇರಿ ಒಂದೇ ಮೊತ್ತ ಅಂತ ಕೇಳುವ ಏಜೆಂಟರಿಗೆ ದುಡ್ಡು ಕೊಡಬೇಡಿ. ವಿದೇಶಕ್ಕೆ ಕಳಿಸುವ ಏಜೆಂಟರು ಸರ್ಕಾರದಲ್ಲಿ ನೋಂದಾಯಿಸಿರಬೇಕು. ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಯ ಮಿತಿ ಇದೆ. 'ಇ-ಮೈಗ್ರೇಟ್' ಪೋರ್ಟಲ್‌ನಲ್ಲಿ ಅವರ ಹೆಸರು ಇದೆಯಾ ನೋಡಿ.

ಹಂತ 8: ಕಟ್ಟುವಾಗ ಹೀಗೆ ಕಟ್ಟಿ

ಪೂರ್ತಿ ಫೀಸನ್ನು ಒಮ್ಮೆಗೇ ಕೊಡಬೇಡಿ. ಸೇರುವಾಗ ಮೂರನೇ ಒಂದು ಪಾಲು, ಅರ್ಧ ತರಬೇತಿ ಮುಗಿದಾಗ ಇನ್ನೊಂದು, ಟೆಸ್ಟಿನ ಹಿಂದಿನ ದಿನ ಉಳಿದದ್ದು ಅಂತ ಕೇಳಿ. ನಾವು ಕೇಳಿದ ಮೂರು ಸ್ಕೂಲುಗಳಲ್ಲಿ ಎರಡು ಒಪ್ಪಿದವು. ಯುಪಿಐನಲ್ಲಿ ಸ್ಕೂಲಿನ ಖಾತೆಗೇ ಕಳಿಸಿ, ಕಲಿಸುವವರ ಸ್ವಂತ ನಂಬರಿಗೆ ಬೇಡ. ರಸೀದಿಯಲ್ಲಿ ಸ್ಕೂಲಿನ ಲೈಸೆನ್ಸ್ ನಂಬರ್ ಇರಲಿ. ಟೆಸ್ಟಿಗೆ ಗಾಡಿ ಕೊಡುವುದು ಫೀಸಿನಲ್ಲಿ ಸೇರಿದೆಯಾ, ಫೇಲಾದರೆ ಎರಡನೇ ಸಲ ಕೊಡುತ್ತಾರಾ ಅನ್ನುವುದನ್ನು ರಸೀದಿಯ ಹಿಂದೆಯೇ ಬರೆಸಿಕೊಳ್ಳಿ. ಜಗಳ ಬರುವುದು ಹೆಚ್ಚಾಗಿ ಇಲ್ಲೇ.

ಪ್ರತಿ ದಿನ ಎಷ್ಟು ನಿಮಿಷ ಸ್ಟೇರಿಂಗ್ ಸಿಕ್ಕಿತು ಅಂತ ಮೊಬೈಲಿನಲ್ಲಿ ಬರೆದಿಡಿ. ಎರಡನೇ ಕಂತಿನ ಹೊತ್ತಿಗೆ ಕೇಳಲು ನಿಮ್ಮ ಕೈಯಲ್ಲಿ ಲೆಕ್ಕ ಇರುತ್ತದೆ.

ಹಂತ 9: ಲೈಸೆನ್ಸ್ ಬಂದ ಮೇಲೆ ಇನ್ನೊಂದು ಸಣ್ಣ ಖರ್ಚು

ಸ್ವಲ್ಪ ದುಡ್ಡು ಉಳಿದಿದ್ದರೆ ಅಪಾಯಕಾರಿ ಸರಕು ಸಾಗಣೆಯ ಮೂರು ದಿನದ ತರಬೇತಿ ಮಾಡಿಕೊಳ್ಳಿ. ಪೆಟ್ರೋಲ್, ಗ್ಯಾಸ್, ರಾಸಾಯನಿಕದ ಟ್ಯಾಂಕರ್ ಓಡಿಸಲು ಲೈಸೆನ್ಸಿನಲ್ಲಿ ಅದರ ನಮೂದು ಬೇಕೇ ಬೇಕು. ಮಂಗಳೂರು ಕಡೆ ಟ್ಯಾಂಕರ್ ಕೆಲಸ ಹುಡುಕುವವರಿಗೆ ಇದು ತುಂಬ ಉಪಯೋಗ. ಇದಕ್ಕೆ ಒಂದು ಭಾರತೀಯ ಭಾಷೆಯ ಜೊತೆ ಇಂಗ್ಲಿಷ್ ಓದಲು ಬರೆಯಲು ಬರಬೇಕು ಅನ್ನುವ ನಿಯಮ ಇದೆ. ಆ ನಮೂದು ಮೂರು ವರ್ಷ ನಡೆಯುತ್ತದೆ, ನವೀಕರಣಕ್ಕೆ ಒಂದು ದಿನದ ತರಬೇತಿ. ಹೆವಿ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣ.

ಸರ್ಕಾರಿ ಬಸ್ಸಿನ ಕೆಲಸ ಮನಸ್ಸಿನಲ್ಲಿದ್ದರೆ, ಹಿಂದಿನ ನೇಮಕಾತಿಗಳಲ್ಲಿ ಎಸ್‌ಎಸ್‌ಎಲ್‌ಸಿ ಜೊತೆಗೆ ಹೆವಿ ಲೈಸೆನ್ಸ್ ಪಡೆದು ಎರಡು ವರ್ಷ ಆಗಿರಬೇಕು ಅಂತ ಕೇಳಿದ್ದಾರೆ. ಅಂದರೆ ಲೈಸೆನ್ಸ್ ಬಂದ ದಿನದಿಂದ ಆ ಎರಡು ವರ್ಷದ ಎಣಿಕೆ ಶುರು. ಅಲ್ಲಿಯವರೆಗೆ ಲಾರಿ, ಟಿಪ್ಪರ್ ಕೆಲಸ ಮಾಡಿಕೊಂಡಿರಬಹುದು.

ಒಂದು ದಿನಾಂಕವನ್ನು ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಎಲ್‌ಎಲ್‌ಆರ್ ಬಂದ ದಿನ. ಅದಾಗಿ 30 ದಿನದ ಮೇಲೆ ಟೆಸ್ಟಿಗೆ ಹೋಗಬಹುದು, ಆರು ತಿಂಗಳಿಗೆ ಅದರ ಅವಧಿ ಮುಗಿಯುತ್ತದೆ. ನಡುವೆ ದುಡ್ಡು ಸಾಲದೆ ತರಬೇತಿ ನಿಲ್ಲಿಸಬೇಕಾಗಿ ಬಂದರೂ ಆ ಆರು ತಿಂಗಳ ಒಳಗೆ ಬಂದು ಮುಗಿಸಿ, ಇಲ್ಲದಿದ್ದರೆ ಮತ್ತೆ ಮೊದಲಿಂದ ಶುಲ್ಕ. ಅಕ್ಕನ ಮಗನ ಎಲ್‌ಎಂವಿಗೆ ಬರುವ ಶ್ರಾವಣಕ್ಕೆ ಒಂದು ವರ್ಷ ತುಂಬುತ್ತದೆ. ಈಗ ಅವನು ಟೊಮೆಟೊ ಗಾಡಿ ಓಡಿಸುತ್ತಿದ್ದಾನೆ. ಆರ್‌ಡಿಗೆ ಒಂಬತ್ತು ಕಂತು ಕಟ್ಟಿದ್ದಾನೆ, ಇನ್ನು ಮೂರು ಬಾಕಿ.